ಸ್ಟೇಷನ್ನಿನಿಂದ ಎಷ್ಟು ಹೆಜ್ಜೆ? ಶಿಕಾಗೊ ಸುತ್ತಲಿನ ಊರುಗಳ ಒಂದು ಹೋಲಿಕೆ

ಊರಿನಿಂದ ಅಪ್ಪ, ಅಮ್ಮ ಬಂದ ಮೊದಲ ಎರಡು ವಾರ ಯಾರಿಗೂ ಮಾರ್ಗದರ್ಶಿ ಬೇಕಾಗುವುದಿಲ್ಲ. ಮಿಲೇನಿಯಂ ಪಾರ್ಕಿನ ಹೊಳೆಯುವ ‘ಬೀನ್’ ಶಿಲ್ಪದ ಎದುರು ಫೋಟೊ, ವಿಲ್ಲಿಸ್ ಟವರಿನ 103ನೇ ಮಹಡಿ, ನದಿಯಲ್ಲಿ ದೋಣಿ, 1893ರಲ್ಲಿ ವಿವೇಕಾನಂದರು ಮಾತನಾಡಿದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡ, ಭಾರತೀಯ ಅಂಗಡಿಗಳ ಡೆವನ್ ಅವೆನ್ಯೂದಲ್ಲಿ ಒಂದು ಊಟ. ಅಲ್ಲಿಗೆ ಪಟ್ಟಿ ಮುಗಿಯಿತು. ವಾಪಸಾಗಲು ಇನ್ನೂ ಐದು ತಿಂಗಳಿರುತ್ತದೆ. ಮಕ್ಕಳು ಕೆಲಸಕ್ಕೆ ಕೂತ ಮೇಲೆ ಹಿರಿಯರು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ನರಪಿಳ್ಳೆಯೂ ಓಡಾಡದ ರಸ್ತೆ ನೋಡುತ್ತಾ, ಅಂಚೆಯ ಗಾಡಿ ಬರುವುದನ್ನು ಕಾಯುತ್ತಾರೆ. ನಮ್ಮಮ್ಮ ಮೂರನೆಯ ವಾರ ಕೇಳಿದ್ದು ಇಷ್ಟೇ: “ಈ ಊರಿನಲ್ಲಿ ಜನ ಎಲ್ಲಿರುತ್ತಾರೆ?”

ಜನ ಇರುವ ಊರು ಹುಡುಕುತ್ತಾ ನಾವು ಎರಡು ಬೇಸಿಗೆ ಕಳೆದೆವು. ಅಪ್ಪ, ಅಮ್ಮ ಇಬ್ಬರಿಗೂ ಇಲ್ಲಿ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ನನ್ನ ಅಳತೆಗೋಲು ಒಂದೇ: ರೈಲಿನಿಂದ ಇಳಿದು ಎಷ್ಟು ಹೆಜ್ಜೆ ನಡೆದರೆ ಊರು ಸಿಗುತ್ತದೆ? ಶಿಕಾಗೊ ಸುತ್ತ ಎರಡು ಜಾತಿಯ ಊರುಗಳಿವೆ. ಒಂದು, ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಹಳಿಯ ಪಕ್ಕದಲ್ಲಿ ಬೆಳೆದದ್ದು. ಸ್ಟೇಷನ್ ಎದುರಿಗೇ ಅದರ ಹಳೆಯ ಪೇಟೆ ಬೀದಿ. ಇನ್ನೊಂದು, ಹೆದ್ದಾರಿ ಬಂದ ಮೇಲೆ ಹೊಲದ ನಡುವೆ ಎದ್ದದ್ದು. ಶಾಂಬರ್ಗ್ ಎರಡನೆಯದಕ್ಕೆ ಒಳ್ಳೆಯ ಉದಾಹರಣೆ. 1971ರಲ್ಲಿ ತೆರೆದ ವುಡ್‌ಫೀಲ್ಡ್ ಮಾಲ್ ಅದರ ನಡುಮನೆ ಇದ್ದಂತೆ. ಹೆಸರಿಗೆ ರೈಲು ನಿಲ್ದಾಣವಿದೆ, ಆದರೆ ಅದಕ್ಕೂ ಮಾಲಿಗೂ ಸಂಬಂಧವಿಲ್ಲ. ಜನವರಿಯಲ್ಲಿ ಮನೆಯೊಳಗೆ ಕೂತು ಬೇಸತ್ತವರು ಕಾರಿನಲ್ಲಿ ಹೋಗಿ ಒಳಗೇ ಮೂರು ಸುತ್ತು ನಡೆದು ಬರಬಹುದು. ಉಳಿದಂತೆ ಶಾಂಬರ್ಗನ್ನು ನಾನು ಪಟ್ಟಿಯಿಂದ ಕೈಬಿಟ್ಟಿದ್ದೇನೆ.

ಹೊರಡುವ ಮೊದಲು ರೈಲಿನ ಸ್ವಭಾವ ತಿಳಿದಿರಲಿ. ಉಪನಗರಗಳಿಗೆ ಓಡುವ ಮೆಟ್ರಾ ಮಾರ್ಗಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಎಲ್ಲವೂ ನಗರದ ಮಧ್ಯಕ್ಕೇ ಬಂದು ಸೇರುತ್ತವೆ. ಒಂದು ಉಪನಗರದಿಂದ ಪಕ್ಕದ ಕಡ್ಡಿಯ ಉಪನಗರಕ್ಕೆ ನೇರ ರೈಲಿಲ್ಲ, ನಗರಕ್ಕೆ ಬಂದೇ ಹೋಗಬೇಕು. ಅದೃಷ್ಟಕ್ಕೆ ಎರಡು ದೊಡ್ಡ ನಿಲ್ದಾಣಗಳಾದ ಯೂನಿಯನ್ ಸ್ಟೇಷನ್ ಮತ್ತು ಓಗಿಲ್ವಿ ನಡುವಿನ ದೂರ ಐದಾರು ನಿಮಿಷದ ನಡಿಗೆ. ಶನಿವಾರ, ಭಾನುವಾರಗಳಿಗೆ ಮೆಟ್ರಾದಲ್ಲಿ ಪ್ರತ್ಯೇಕ ಪಾಸ್ ಇದೆ. ಒಂದೇ ಪಾಸಿನಲ್ಲಿ ಎಷ್ಟು ಕಡ್ಡಿಗಳಲ್ಲಿ ಬೇಕಾದರೂ ಓಡಾಡಬಹುದು. ಆದರೆ ಆ ಎರಡು ದಿನ ರೈಲುಗಳ ಸಂಖ್ಯೆಯೂ ಕಡಿಮೆ, ಕೆಲವು ಮಾರ್ಗಗಳಲ್ಲಿ ರೈಲೇ ಇಲ್ಲ.

ಎವನ್‌ಸ್ಟನ್ ಅಥವಾ ಓಕ್ ಪಾರ್ಕ್?

ಮೊದಲ ಸುತ್ತಿಗೆ ಎಲ್ಲರೂ ಹೇಳುವುದು ಈ ಎರಡು ಹೆಸರು. ಎರಡೂ ನಗರದ ಗಡಿಗೆ ಅಂಟಿಕೊಂಡಿವೆ, ಎರಡಕ್ಕೂ ನಗರದ ‘ಎಲ್’ ಎಂಬ ಮೆಟ್ರೊ ರೈಲು ಹೋಗುತ್ತದೆ. ಸ್ವಭಾವ ಮಾತ್ರ ಬೇರೆ ಬೇರೆ.

ಎವನ್‌ಸ್ಟನ್ ಸರೋವರದ ಊರು. 1851ರಲ್ಲಿ ಸ್ಥಾಪನೆಯಾದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸುತ್ತ ಬೆಳೆದದ್ದು. ಪಾನನಿರೋಧ ಚಳವಳಿಯ ತವರಾಗಿದ್ದ ಈ ಊರಿನಲ್ಲಿ 1972ರವರೆಗೆ ಮದ್ಯ ಮಾರಾಟಕ್ಕೇ ಅವಕಾಶವಿರಲಿಲ್ಲ. ‘ಎಲ್’ನ ಪರ್ಪಲ್ ಲೈನಿನಲ್ಲಿ ಬಂದು ಡೇವಿಸ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದರೆ ಅಂಗಡಿ, ಕಾಫಿ, ವಿದ್ಯಾರ್ಥಿಗಳ ಗದ್ದಲ. ಪೂರ್ವಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಮಿಷಿಗನ್ ಸರೋವರ. ವಿಶ್ವವಿದ್ಯಾಲಯದ ದಡದಲ್ಲಿ ಕಲ್ಲುಬಂಡೆಗಳ ಮೇಲೆ ಕೂತು ದಕ್ಷಿಣಕ್ಕೆ ನೋಡಿದರೆ ನಗರದ ಗೋಪುರಗಳೆಲ್ಲ ನೀರಿನ ಅಂಚಿನಲ್ಲಿ ಸಾಲಾಗಿ ನಿಂತಿರುತ್ತವೆ. ಅಮ್ಮ ಕೈ ಅದ್ದಿ, ತುಟಿಗೆ ಮುಟ್ಟಿಸಿ ನೋಡಿ, “ಉಪ್ಪೇ ಇಲ್ಲವಲ್ಲ, ಇದೆಂಥ ಸಮುದ್ರ” ಎಂದರು. ಇನ್ನೊಂದು ದಡ ಕಾಣದ ನೀರನ್ನು ಸರೋವರ ಎಂದು ಒಪ್ಪಿಕೊಳ್ಳಲು ಅವರು ಇಂದಿಗೂ ಸಿದ್ಧರಿಲ್ಲ.

ಅದೇ ಪರ್ಪಲ್ ಲೈನಿನಲ್ಲಿ ಕೊನೆಯ ನಿಲ್ದಾಣ ಲಿಂಡನ್. ಅಲ್ಲಿಂದ ಹತ್ತು ನಿಮಿಷ ನಡೆದರೆ ವಿಲ್ಮೆಟ್ ಊರಿನಲ್ಲಿ ಬಹಾಯಿ ಧರ್ಮದವರ ಮಂದಿರ. 1953ರಲ್ಲಿ ಲೋಕಾರ್ಪಣೆಯಾದ ಇದು ದೆಹಲಿಯ ಕಮಲ ಮಂದಿರಕ್ಕೆ ಅಕ್ಕನಂತೆ. ಒಂಬತ್ತು ಮುಖ, ಬಿಳಿ ಕಾಂಕ್ರೀಟಿನಲ್ಲಿ ಲೇಸು ಹೆಣೆದಂಥ ಗುಮ್ಮಟ. ಪ್ರವೇಶ ಶುಲ್ಕವಿಲ್ಲ. ಹೊರಗಿನ ಕಂಬಗಳನ್ನು ಬುಡದಿಂದ ಮೇಲಕ್ಕೆ ಗಮನವಿಟ್ಟು ನೋಡಿ. ನಾನು ಎರಡು ಸಲ ಹೋಗಿದ್ದರೂ ನೋಡದೆ ಬಿಟ್ಟದ್ದನ್ನು ಅಮ್ಮ ಒಂದೇ ನಿಮಿಷದಲ್ಲಿ ಬೆರಳಿಟ್ಟು ತೋರಿಸಿದರು: ಸ್ವಸ್ತಿಕ. ಅದರ ಮೇಲೆ ಯಹೂದಿಗಳ ನಕ್ಷತ್ರ, ಶಿಲುಬೆ, ಅರ್ಧಚಂದ್ರ. ಒಳಗೆ ಮೂರ್ತಿಯಿಲ್ಲ, ಮಾತಿಲ್ಲ. ಕುರ್ಚಿಯ ಮೇಲೆ ಸುಮ್ಮನೆ ಕೂರುವುದಷ್ಟೇ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ದೇವಸ್ಥಾನವಿಲ್ಲ. ಒಂದು ಎಚ್ಚರ: ಪರ್ಪಲ್ ಲೈನ್ ನಗರದ ಮಧ್ಯದವರೆಗೆ ಬರುವುದು ವಾರದ ದಿನಗಳ ಬೆಳಿಗ್ಗೆ, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಮಾತ್ರ. ಬೇರೆ ಸಮಯದಲ್ಲಿ ರೆಡ್ ಲೈನ್ ಹಿಡಿದು ಹಾವರ್ಡ್ ನಿಲ್ದಾಣದಲ್ಲಿ ಬದಲಿಸಬೇಕು.

ಓಕ್ ಪಾರ್ಕ್ ಕಟ್ಟಡಗಳ ಊರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1889ರಲ್ಲಿ ಇಲ್ಲಿ ತನ್ನ ಮನೆ ಕಟ್ಟಿಕೊಂಡ. ಸುತ್ತಲಿನ ಬೀದಿಗಳಲ್ಲಿ ಅವನು ವಿನ್ಯಾಸ ಮಾಡಿದ ಮನೆಗಳು ಹತ್ತಾರಿವೆ. ನೆಲಕ್ಕೆ ಒರಗಿದಂತೆ ಅಡ್ಡಡ್ಡ ಹರಡಿಕೊಂಡ ಗೋಡೆಗಳು, ಮುಂದಕ್ಕೆ ಚಾಚಿದ ಸೂರು. ಮಲೆನಾಡಿನ ಸೂರು ಮಳೆಗಾಗಿ ಚಾಚಿದ್ದು, ರೈಟ್‌ನದು ಇಲ್ಲಿನ ಬಯಲಿನ ಸಪಾಟು ಗೆರೆಯನ್ನು ಹಿಡಿಯಲು ಚಾಚಿದ್ದು. ಈ ಮನೆಗಳಲ್ಲಿ ಜನ ವಾಸವಾಗಿದ್ದಾರೆ, ಆದ್ದರಿಂದ ಕಾಲುದಾರಿಯಲ್ಲಿ ನಿಂತೇ ನೋಡಬೇಕು. ಕಾದಂಬರಿಕಾರ ಹೆಮಿಂಗ್ವೆ 1899ರಲ್ಲಿ ಹುಟ್ಟಿದ ಮನೆಯೂ ಇದೇ ಊರಿನಲ್ಲಿದೆ.

ಗ್ರೀನ್ ಲೈನಿನ ಕೊನೆಯ ನಿಲ್ದಾಣದಲ್ಲಿ ಇಳಿದು ಲೇಕ್ ಸ್ಟ್ರೀಟಿನಲ್ಲಿ ಸ್ವಲ್ಪ ನಡೆದರೆ ಯೂನಿಟಿ ಟೆಂಪಲ್ ಎಂಬ ಚರ್ಚು. 1905ರಲ್ಲಿ ಹಳೆಯ ಚರ್ಚು ಸುಟ್ಟುಹೋದ ಮೇಲೆ, ಹಣ ಕಡಿಮೆಯಿದ್ದ ಕಾರಣಕ್ಕೂ ಸೇರಿ, ರೈಟ್ ಕಾಂಕ್ರೀಟಿನಲ್ಲಿ ಕಟ್ಟಿದ್ದು. 2019ರಲ್ಲಿ ರೈಟ್‌ನ ಎಂಟು ಕಟ್ಟಡಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಇದೂ ಸೇರಿತು. ನಮ್ಮಪ್ಪ ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರ್. ಅಂಗೈಯನ್ನು ಗೋಡೆಗೆ ಒತ್ತಿ, ಜಲ್ಲಿಯ ಕಾಳು ಕೈಗೆ ತಾಗುವುದನ್ನು ನೋಡಿ, “ಗಾರೆಯನ್ನೇ ಹಚ್ಚಿಲ್ಲ. ನಮ್ಮಲ್ಲಾಗಿದ್ದರೆ ಬಿಲ್ಲು ಪಾಸಾಗುತ್ತಿರಲಿಲ್ಲ” ಎಂದರು. ಆಮೇಲೆ ಬಾಗಿಲು ಎಲ್ಲಿದೆ ಎಂದು ಹುಡುಕಿದರು. ರಸ್ತೆಯ ಕಡೆ ಬಾಗಿಲಿಲ್ಲ, ಪಕ್ಕದಿಂದ ಬಳಸಿ ಹೋಗಬೇಕು. ತಗ್ಗು ಚಾವಣಿಯ ಕತ್ತಲ ಓಣಿ ದಾಟಿ ಒಳಗೆ ಹೆಜ್ಜೆಯಿಟ್ಟರೆ, ಮೇಲಿನ ಬಣ್ಣದ ಗಾಜುಗಳಿಂದ ಜೇನಿನ ಬಣ್ಣದ ಬೆಳಕು ಇಳಿಯುತ್ತದೆ. ಅಪ್ಪ ಅಲ್ಲಿಂದ ಏಳಲೇ ಇಲ್ಲ. ಅಮ್ಮ ಕಾಲು ಗಂಟೆಗೆ ಎದ್ದು ಹೊರಗೆ ಬೆಂಚಿನ ಮೇಲೆ ಕೂತರು.

ಅಲ್ಲಿಗೆ ತೀರ್ಪು ತಾನಾಗಿಯೇ ಬಂತು. ಮನೆಯಲ್ಲಿ ಕಟ್ಟಡದ ಹುಚ್ಚಿನವರು ಒಬ್ಬರಾದರೂ ಇದ್ದರೆ ಓಕ್ ಪಾರ್ಕ್. ಇಲ್ಲದಿದ್ದರೆ ಅದು ‘ಇವೆಲ್ಲ ಬರೀ ಮನೆಗಳಲ್ಲವೇ’ ಎಂಬಲ್ಲಿಗೆ ಮುಗಿಯುತ್ತದೆ. ಎವನ್‌ಸ್ಟನ್ ಎಲ್ಲರಿಗೂ ಆಗುತ್ತದೆ.

ನೇಪರ್‌ವಿಲ್ ಅಥವಾ ಅರೋರಾ?

ಇದನ್ನು ಬರೆದರೆ ಸ್ನೇಹಿತರು ಮುನಿಸಿಕೊಳ್ಳುತ್ತಾರೆ, ಏಕೆಂದರೆ ಅವರಲ್ಲಿ ಅರ್ಧದಷ್ಟು ಜನ ನೇಪರ್‌ವಿಲ್ ನಿವಾಸಿಗಳು. ಶಾಲೆ ಚೆನ್ನ, ದಿನಸಿ ಅಂಗಡಿ ಹತ್ತಿರ, ಗಣೇಶನ ಹಬ್ಬಕ್ಕೆ ಕರೆದರೆ ಮನೆ ತುಂಬ ಜನ. ವಾಸಕ್ಕೆ ತಕರಾರಿಲ್ಲ. ನೋಡಲು ಹೋಗುವ ಊರಾಗಿ ಮಾತ್ರ ಅದಕ್ಕೆ ಸಿಗುವ ಹೊಗಳಿಕೆ ಒಂದು ಹಿಡಿ ಜಾಸ್ತಿ. ಸ್ಟೇಷನ್ನಿನಿಂದ ಪೇಟೆಗೆ ಹದಿನೈದು ನಿಮಿಷದ ನಡಿಗೆ. 1831ರಲ್ಲಿ ಜೋಸೆಫ್ ನೇಪರ್ ನೆಲೆಯೂರಿದ ಊರಿಗೆ 150 ವರ್ಷವಾದ ನೆನಪಿಗೆ, 1981ರಲ್ಲಿ ಡ್ಯುಪೇಜ್ ನದಿಯ ದಂಡೆಗೆ ಇಟ್ಟಿಗೆ ಹಾಸಿ ರಿವರ್‌ವಾಕ್ ಮಾಡಿದರು. ದಂಡೆಯ ತುದಿಯಲ್ಲಿ 72 ಗಂಟೆಗಳನ್ನು ತೂಗುಹಾಕಿದ ‘ಕ್ಯಾರಿಲಾನ್’ ಗೋಪುರ. ಬೇಸಿಗೆಯ ಸಂಜೆ ಆ ಗಂಟೆಗಳಲ್ಲಿ ರಾಗ ನುಡಿಸುವುದನ್ನು ಹುಲ್ಲಿನ ಮೇಲೆ ಕೂತು ಕೇಳುವುದು ಹಿತವೇ. ಆದರೆ ಎಲ್ಲವೂ ನಿನ್ನೆಯಷ್ಟೇ ಒರೆಸಿಟ್ಟಂತೆ ಇರುತ್ತದೆ. ಒಂದು ಸಂಜೆಗೆ ಸಾಕು. ‘ರೂಟ್ 59’ ಎಂಬ ಮುಂದಿನ ನಿಲ್ದಾಣದ ಬಳಿ ಭಾರತೀಯ ಹೋಟೆಲುಗಳಿವೆ ಎಂದು ನಡೆದು ಹೋಗುವ ಸಾಹಸ ಬೇಡ. ಆ ರಸ್ತೆಗಳನ್ನು ದಾಟುವುದು ಹಿರಿಯರ ಕೆಲಸವಲ್ಲ.

ಅದೇ ರೈಲು, ಇನ್ನೊಂದಿಷ್ಟು ದೂರ. ಮೆಟ್ರಾದ ಬಿಎನ್‌ಎಸ್‌ಎಫ್ ಎಂಬ ಈ ಮಾರ್ಗದ ಕೊನೆಯ ನಿಲ್ದಾಣ ಅರೋರಾ. ಇಲಿನಾಯ್ ರಾಜ್ಯದ ಎರಡನೆಯ ದೊಡ್ಡ ನಗರ, 2020ರ ಜನಗಣತಿಯಲ್ಲಿ 1,80,542 ಜನ. ಆದರೂ ‘ಅರೋರಾದಲ್ಲಿ ಏನಿದೆ’ ಎಂಬ ಮಾತೇ ಕೇಳುತ್ತದೆ. ರೈಲ್ವೆ ಕಾರ್ಯಾಗಾರಗಳಲ್ಲಿ ಬೆವರು ಸುರಿಸಿದವರು ಕಟ್ಟಿದ ಊರು. 1881ರಲ್ಲೇ ಬೀದಿಗೆಲ್ಲ ವಿದ್ಯುತ್ ದೀಪ ಹಾಕಿಸಿ ‘ದೀಪಗಳ ನಗರ’ ಎನ್ನಿಸಿಕೊಂಡಿತು. ನಿಲ್ದಾಣದಿಂದ ಫಾಕ್ಸ್ ನದಿಯ ಗುಂಟ ಹತ್ತು ನಿಮಿಷ ನಡೆದರೆ ಪೇಟೆ, 1931ರ ಪ್ಯಾರಾಮೌಂಟ್ ರಂಗಮಂದಿರ, ಒಂದಿಷ್ಟು ಮುಚ್ಚಿದ ಅಂಗಡಿಗಳು, ಒಂದಿಷ್ಟು ಹೊಸದಾಗಿ ತೆರೆದವು. ಮೆಕ್ಸಿಕೊ ಮೂಲದವರು ಬಹಳ ಇದ್ದಾರೆ. ಅವರ ರೊಟ್ಟಿ ಮೆಕ್ಕೆಜೋಳದ್ದು, ಕಾವಲಿಯಿಂದ ಇಳಿದ ಬಿಸಿಯಲ್ಲೇ ತಿನ್ನಬೇಕು. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ: ಅರೆದ ಬೀನ್ಸಿಗೆ ಹಂದಿಯ ಕೊಬ್ಬು ಹಾಕುವ ರೂಢಿಯಿದೆ.

ಅರೋರಾಕ್ಕೆ ಹೋಗಲು ನಮ್ಮವರಿಗೆ ಇನ್ನೂ ದೊಡ್ಡ ಕಾರಣ ಬಾಲಾಜಿ ದೇವಸ್ಥಾನ. ನಿಲ್ದಾಣದಿಂದ ನಡೆಯುವ ದೂರವಲ್ಲ, ಟ್ಯಾಕ್ಸಿ ಬೇಕು. ಹೋಗುವಾಗ ಸುಲಭವಾಗಿ ಸಿಗುತ್ತದೆ, ವಾಪಸ್ ಬರುವಾಗ ಕಾಯಿಸುತ್ತದೆ. ಕೊನೆಯ ಮಂಗಳಾರತಿಗೆ ಮೊದಲೇ ಮೊಬೈಲ್ ಕೈಗೆತ್ತಿಕೊಳ್ಳಿ. ವಾರಾಂತ್ಯ ಅಲ್ಲಿನ ಕ್ಯಾಂಟೀನಿನಲ್ಲಿ ದಕ್ಷಿಣದ ತಿಂಡಿ ಸಿಗುತ್ತದೆ. ಅಮ್ಮ ‘ಜನ ಎಲ್ಲಿರುತ್ತಾರೆ’ ಎಂಬ ಪ್ರಶ್ನೆಯನ್ನು ಮತ್ತೆ ಕೇಳದೆ ಉಳಿದದ್ದು ಅಲ್ಲಿ ಪ್ರಸಾದದ ಸಾಲಿನಲ್ಲಿ ಹಾಸನದ ಒಬ್ಬ ಅಜ್ಜಿಯ ಪರಿಚಯವಾದ ಮೇಲೆ.

ಲೆಮಾಂಟ್ ದೇವಸ್ಥಾನವನ್ನು ಇದರ ಜೊತೆ ತೂಗುವವರಿದ್ದಾರೆ. ಗುಡ್ಡದ ಮೇಲಿನ ರಾಮನ ಗುಡಿ, ಆವರಣದಲ್ಲಿ ವಿವೇಕಾನಂದರ ಪ್ರತಿಮೆ. ಜಾಗ ಅರೋರಾಕ್ಕಿಂತ ಚೆಲುವಾದದ್ದು. ಲೆಮಾಂಟ್‌ಗೆ ರೈಲೂ ಇದೆ. ಆದರೆ ಆ ಮಾರ್ಗ ನೌಕರಿಯವರಿಗಾಗಿ ಮಾಡಿದ್ದು: ವಾರದ ದಿನಗಳಲ್ಲಿ ಬೆಳಿಗ್ಗೆ ನಗರದ ಕಡೆಗೆ, ಮಧ್ಯಾಹ್ನದ ನಂತರ ನಗರದಿಂದ ಆಚೆಗೆ. ರೈಲನ್ನೇ ನಂಬಿ ಹೋದರೆ ರಾಮನ ಪಾದದಲ್ಲೇ ರಾತ್ರಿ ಕಳೆಯಬೇಕಾದೀತು. ಕಾರಿದ್ದ ದಿನ ಹೋಗಿ.

ಒಂದೇ ದಿನ ಇದ್ದರೆ ಜಿನೀವಾ

ಯಾರಾದರೂ ಒಂದೇ ಹೆಸರು ಹೇಳು ಎಂದರೆ ನಾನು ಹೇಳುವುದು ಜಿನೀವಾ. ಓಗಿಲ್ವಿಯಿಂದ ಯೂನಿಯನ್ ಪೆಸಿಫಿಕ್ ವೆಸ್ಟ್ ಮಾರ್ಗದಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. ಇಳಿದರೆ ಥರ್ಡ್ ಸ್ಟ್ರೀಟ್ ಅಲ್ಲೇ ಶುರು. ಹಳೆಯ ಮರದ ಮನೆಗಳನ್ನೇ ಅಂಗಡಿ ಮಾಡಿಕೊಂಡ ಬೀದಿ, ದೊಡ್ಡ ಮರಗಳು, ಕೂರಲು ಬೆಂಚು, ನಡುವೆ ಕೌಂಟಿಯ ಹಳೆಯ ನ್ಯಾಯಾಲಯ. ಹೆಜ್ಜೆ ಎಣಿಸುವ ನನ್ನ ಲೆಕ್ಕದಲ್ಲಿ ಇದಕ್ಕೆ ನೂರಕ್ಕೆ ನೂರು.

ಬೀದಿಯಿಂದ ನದಿಗೆ ಇಳಿದು ದಕ್ಷಿಣಕ್ಕೆ ಎರಡೂವರೆ ಕಿಲೋಮೀಟರ್ ನಡೆದರೆ ಫೇಬಿಯನ್ ಉದ್ಯಾನ. ದಾರಿ ಸಪಾಟು, ಸೈಕಲ್ಲಿನವರು ಹಿಂದಿನಿಂದ ಕೂಗಿ ಎಚ್ಚರಿಸುತ್ತಾರೆ. ಜಾರ್ಜ್ ಫೇಬಿಯನ್ ಎಂಬ ಜವಳಿ ಶ್ರೀಮಂತನ ಹುಚ್ಚುಗಳೆಲ್ಲ ಇಲ್ಲಿವೆ. ಬೇರೆ ಊರಿನಲ್ಲಿದ್ದ ಡಚ್ ಮಾದರಿಯ ಗಾಳಿಗಿರಣಿಯನ್ನು ಬಿಚ್ಚಿಸಿ ತರಿಸಿ 1915ರ ಹೊತ್ತಿಗೆ ನದಿಯ ಪೂರ್ವ ದಡದಲ್ಲಿ ನಿಲ್ಲಿಸಿದ. ಪಶ್ಚಿಮ ದಡದಲ್ಲಿ ಜಪಾನಿ ತೋಟ ಮಾಡಿಸಿದ. ಮನೆಯನ್ನು ರೈಟ್ ಕೈಯಲ್ಲಿ ತಿದ್ದಿಸಿದ. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಅದೇ ಕಾಲದ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್‌ನ ಗುಪ್ತ ಸಂದೇಶಗಳಿವೆ ಎಂದು ನಂಬಿ ಅವನ್ನು ಹುಡುಕಲು ಜನರನ್ನು ನೇಮಿಸಿದ. ಗುಪ್ತ ಸಂದೇಶವೇನೂ ಸಿಗಲಿಲ್ಲ. ಆದರೆ ಆ ಕೆಲಸದಲ್ಲಿ ತೊಡಗಿದ್ದ ವಿಲಿಯಂ ಮತ್ತು ಎಲಿಜಬೆತ್ ಫ್ರೀಡ್‌ಮನ್ ದಂಪತಿ ಮುಂದೆ ಅಮೆರಿಕದ ಸಂಕೇತ ಭೇದನ ವಿದ್ಯೆಯ ತಳಪಾಯ ಹಾಕಿದರು. ಸೊಸೆ ಇಷ್ಟು ಕಥೆ ಹೇಳುವಷ್ಟರಲ್ಲಿ ಅಮ್ಮನ ಕಣ್ಣು ಗಿರಣಿಯ ಮೇಲಿತ್ತು. ಬೇಸಿಗೆಯ ವಾರಾಂತ್ಯಗಳಲ್ಲಿ ಒಳಗೆ ಬಿಡುತ್ತಾರೆ. ಬೀಸುವ ಕಲ್ಲಿನ ಅಗಲವನ್ನು ಅಮ್ಮ ಗೇಣಿನಿಂದ ಅಳೆದು ಮನೆಗೆ ಬಂದು ಊರಿಗೆ ಫೋನ್ ಮಾಡಿ ಹೇಳಿದರು.

ನಡೆಯಲಾಗದವರು ಥರ್ಡ್ ಸ್ಟ್ರೀಟಿನಲ್ಲೇ ಉಳಿಯಲಿ, ನಷ್ಟವಿಲ್ಲ. ವಾರಾಂತ್ಯ ಈ ಮಾರ್ಗದಲ್ಲಿ ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಕಾಫಿಗೆ ಕೂರುವ ಮೊದಲು ಗಡಿಯಾರ ನೋಡಿಕೊಳ್ಳಿ.

ಪಕ್ಕದ ಬಟೇವಿಯಾದಲ್ಲಿ ಫರ್ಮಿಲ್ಯಾಬ್ ಎಂಬ ಭೌತವಿಜ್ಞಾನ ಪ್ರಯೋಗಾಲಯವಿದೆ. 6.3 ಕಿಲೋಮೀಟರ್ ಸುತ್ತಳತೆಯ ಟೆವಾಟ್ರಾನ್ ಕಣ ವೇಗವರ್ಧಕ 2011ರವರೆಗೆ ಓಡಿದ್ದು ಇಲ್ಲೇ, 1995ರಲ್ಲಿ ಟಾಪ್ ಕ್ವಾರ್ಕ್ ಎಂಬ ಮೂಲಕಣ ಸಿಕ್ಕದ್ದೂ ಇಲ್ಲೇ. ಅದೇ ಬಯಲಿನಲ್ಲಿ 1969ರಿಂದ ಕಾಡೆಮ್ಮೆಗಳ ಹಿಂಡು ಮೇಯುತ್ತಿದೆ. ಕಾರು ಬೇಕೇ ಬೇಕು. ಪ್ರವೇಶದ ನಿಯಮ ಆಗಾಗ ಬದಲಾಗುತ್ತದೆ, ವಿದೇಶಿ ಪಾಸ್‌ಪೋರ್ಟಿನವರು ಮೊದಲೇ ವಿಚಾರಿಸಿ.

ಗಡಿ ದಾಟುವುದಾದರೆ

ಮಿಲ್ವಾಕಿ ಮತ್ತು ಇಂಡಿಯಾನಾ ಡ್ಯೂನ್ಸ್. ಎರಡೂ ಬೇರೆ ರಾಜ್ಯ, ಎರಡಕ್ಕೂ ರೈಲು ಉಂಟು, ಎರಡಕ್ಕೂ ಮೆಟ್ರಾ ಪಾಸ್ ನಡೆಯುವುದಿಲ್ಲ.

ಮಿಲ್ವಾಕಿಗೆ ಆಮ್‌ಟ್ರಾಕ್‌ನ ಹಯವಾಥಾ ರೈಲಿನಲ್ಲಿ ಒಂದೂವರೆ ಗಂಟೆ. ದಿನಕ್ಕೆ ಹಲವು ಸಲ ಓಡುತ್ತದೆ. ನಿಲ್ದಾಣದ ಹತ್ತಿರವೇ ಥರ್ಡ್ ವಾರ್ಡಿನ ಹಳೆಯ ಗೋದಾಮುಗಳು, ಮಾರುಕಟ್ಟೆ. ಸರೋವರದ ದಡದಲ್ಲಿ ಕಲಾ ಸಂಗ್ರಹಾಲಯ. ಸ್ಪೇನಿನ ಸಾಂಟಿಯಾಗೊ ಕಲಾತ್ರಾವಾ 2001ರಲ್ಲಿ ಅದಕ್ಕೆ ಜೋಡಿಸಿದ ಬಿಳಿ ರೆಕ್ಕೆಗಳು ಬೆಳಿಗ್ಗೆ ಬಿಚ್ಚಿಕೊಳ್ಳುತ್ತವೆ, ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ ಮಡಚಿ ಮತ್ತೆ ಬಿಚ್ಚುತ್ತವೆ. ಗಾಳಿ ಜೋರಾದರೆ ತಾವೇ ಮುಚ್ಚಿಕೊಳ್ಳುತ್ತವೆ. ನಾವು ಹೋದ ದಿನ ಗಾಳಿ ಜೋರಿತ್ತು. ಮಳೆ, ಚಳಿಯ ದಿನಕ್ಕೆ ಮಿಲ್ವಾಕಿಯೇ ಸರಿ. ಒಳಗೆ ನೋಡುವುದು ಬೇಕಾದಷ್ಟಿದೆ.

ಬಿಸಿಲಿದ್ದರೆ ಡ್ಯೂನ್ಸ್. ಮಿಲೇನಿಯಂ ನಿಲ್ದಾಣದಿಂದ ಸೌತ್ ಶೋರ್ ಲೈನ್ ಹಿಡಿದು ಡ್ಯೂನ್ ಪಾರ್ಕ್‌ನಲ್ಲಿ ಇಳಿಯಿರಿ. 2019ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಮರಳು ದಿಬ್ಬಗಳ ಸಾಲಿಗೆ ಒತ್ತಿಕೊಂಡೇ ಉಕ್ಕಿನ ಕಾರ್ಖಾನೆಗಳಿವೆ. ಭದ್ರಾವತಿಯ ಹೊಗೆಗೊಳವೆ ನೋಡುತ್ತಾ ಬೆಳೆದ ಅಪ್ಪನಿಗೆ ದಿಬ್ಬಕ್ಕಿಂತ ಅವೇ ಹಿಡಿಸಿದವು. ಒಣ ಮರಳಿನ ಮೇಲೆ ಕಾಲೆಳೆದು ನಡೆದರೆ ಕೀಚಲು ಸದ್ದು ಬರುತ್ತದೆ, ಅದಕ್ಕೆ ‘ಹಾಡುವ ಮರಳು’ ಎನ್ನುತ್ತಾರೆ. ಆಕಾಶ ತಿಳಿಯಾಗಿದ್ದರೆ ನೀರಿನಾಚೆ ಶಿಕಾಗೊ ಕಡ್ಡಿ ಚುಚ್ಚಿಟ್ಟಂತೆ ಕಾಣುತ್ತದೆ. ತೊಂದರೆಯೆಂದರೆ ನಿಲ್ದಾಣದಿಂದ ದಡಕ್ಕೆ ಎರಡು ಕಿಲೋಮೀಟರಿನಷ್ಟು ನಡಿಗೆ. ಕೊಡೆ, ನೀರು, ಚಿತ್ರಾನ್ನದ ಡಬ್ಬಿ ಜೊತೆಗಿರಲಿ. ಅಲೆ ಎದ್ದ ದಿನ ಸೆಳೆತ ಅಪಾಯಕಾರಿ, ಸರೋವರವೆಂದು ಸಲಿಗೆ ಬೇಡ. ಇನ್ನೂ ಮುಂದೆ ಸೌತ್ ಬೆಂಡ್‌ವರೆಗೆ ಹೋಗುವವರು ಗಮನಿಸಿ: ದಾರಿಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ವಾಪಸಿನ ರೈಲು ತಪ್ಪಿಸಿಕೊಳ್ಳುವವರು ಇಲ್ಲೇ ತಪ್ಪಿಸಿಕೊಳ್ಳುವುದು.

ಇಲಿನಾಯ್ ಒಳಗೇ ಇರುವ ಗಲೀನಾ ಮತ್ತು ಸ್ಟಾರ್ವ್ಡ್ ರಾಕ್ ಎರಡಕ್ಕೂ ರೈಲಿಲ್ಲ. ಮೊದಲನೆಯದು ಸೀಸದ ಗಣಿಯಿಂದ ಮೆರೆದ ಹಳೆಯ ಊರು, ಕಾರಿನಲ್ಲಿ ಮೂರು ಗಂಟೆ, ಒಂದು ರಾತ್ರಿ ಉಳಿಯಬೇಕು. ಎರಡನೆಯದರ ಕಮರಿಗಳು ಚೆಂದ, ಮರದ ಮೆಟ್ಟಿಲುಗಳು ಮಂಡಿಗೆ ಕಷ್ಟ.

ಉಳಿದದ್ದು ರಿವರ್‌ಸೈಡ್

ನಾವಿರುವುದು ಬಿಎನ್‌ಎಸ್‌ಎಫ್ ಮಾರ್ಗದ ಮೇಲೆ. ಅದೇ ಮಾರ್ಗದಲ್ಲಿ, ನಗರಕ್ಕೆ ಇನ್ನೇನು ಹನ್ನೊಂದು ಮೈಲಿ ಇರುವಾಗ ಬರುವ ಪುಟ್ಟ ಊರು ರಿವರ್‌ಸೈಡ್. 1869ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವೋ ಇದರ ನಕ್ಷೆ ಬರೆದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮಾಡಿದ ಜೋಡಿ ಅದು. ಶಿಕಾಗೊ ಇಡೀ ಗೆರೆ ಎಳೆದಂತೆ ನೇರ ರಸ್ತೆಗಳ ಊರಾದರೆ, ಇಲ್ಲಿ ಒಂದು ಬೀದಿಯೂ ನೇರವಿಲ್ಲ. ಎಲ್ಲವೂ ನದಿಯ ಹಾಗೆ ಬಳುಕುತ್ತವೆ. ಅಂಗಡಿ ಬೆರಳೆಣಿಕೆ, ವಸ್ತು ಸಂಗ್ರಹಾಲಯ ದೊಡ್ಡದಿಲ್ಲ, ನೋಡಲು ಮನೆ, ಮರ, ನದಿ ಅಷ್ಟೇ. ಪ್ರವಾಸಿ ಪಟ್ಟಿಗಳಲ್ಲಿ ಇದರ ಹೆಸರು ಬರುವುದು ಕಡಿಮೆ.

ಮೊದಲ ಸಲ ಅಪ್ಪನನ್ನು ಕರೆದುಕೊಂಡು ಹೋದಾಗ ನಾನು ದಾರಿ ತಪ್ಪಿದೆ. ಬಲಕ್ಕೆ ತಿರುಗಿದ್ದೇನೆಂದುಕೊಂಡರೆ ಹೊರಟಲ್ಲಿಗೇ ಬಂದು ನಿಂತಿರುತ್ತಿದ್ದೆ. ಅರ್ಧ ಗಂಟೆ ಅಲೆದ ಮೇಲೆ ಅಪ್ಪ ತಲೆಯೆತ್ತಿ, ಮರಗಳ ಮೇಲೆ ಕಾಣುತ್ತಿದ್ದ ಹಳೆಯ ನೀರಿನ ಗೋಪುರ ತೋರಿಸಿದರು. ಅದು ಸ್ಟೇಷನ್ನಿನ ಪಕ್ಕದಲ್ಲೇ ಇದೆ, 1871ರದ್ದು. ನಾವು ಅದನ್ನೇ ನೋಡಿಕೊಂಡು ಹೊರಬಿದ್ದೆವು.

ಬೆಳಗಿನ ವೇಗದ ರೈಲುಗಳು ರಿವರ್‌ಸೈಡಿನಲ್ಲಿ ನಿಲ್ಲುವುದಿಲ್ಲ, ನಡುಹಗಲಿನವು ನಿಲ್ಲುತ್ತವೆ. ಇದನ್ನು ಅಪ್ಪನಿಗೆ ಹೇಳಿದ್ದು ನಾನೇ. ಆಗಸ್ಟಿನ ಒಂದು ಮಂಗಳವಾರ ಮೀಟಿಂಗ್ ಮುಗಿಸಿ ಕೆಳಗೆ ಬಂದರೆ ಕಿಟಕಿಯ ಬಳಿ ಕುರ್ಚಿ ಖಾಲಿ. ಗಾಬರಿಯಾಗಿ ಫೋನ್ ಮಾಡಿದೆ. ಎಲ್ಲಿದ್ದೀರಿ ಅಪ್ಪಾ ಎಂದೆ. “ಯಾವ ಬೀದಿಯೋ ಗೊತ್ತಿಲ್ಲ” ಎಂದರು. “ನೀರಿನ ಟ್ಯಾಂಕ್ ಕಾಣಿಸುತ್ತಿದೆ. ನೀನು ಕೆಲಸ ನೋಡಿಕೋ.”